ಸೋಮವಾರದ ಪಾಳಿ, ಅಳಿಯನ ಒಟಿಪಿ

ನನಗೆ ಪಾಳಿ ಕಂಡರೆ ಪ್ರೀತಿ. ಉಳಿದವರು ಜನರ ಉದ್ದ ಸಾಲು ಕಂಡ ಕೂಡಲೇ ಮುಖ ಗಂಟು ಹಾಕುತ್ತಾರೆ, ನಾನು ನಿಂತು ನೋಡುತ್ತೇನೆ. ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಗಾಡಿಯ ಮುಂದೆ ಜನ ಸೇರಿದ್ದರೆ, ಕೊನೆಯವನ ಕೈಗೆ ಭಜಿ ಯಾವಾಗ ಸಿಕ್ಕೀತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ. ಲೆಕ್ಕ ಮುಗಿಯುವಷ್ಟರಲ್ಲಿ ಶಹಾಪುರದ ಬಸ್ಸು ಹೋಗಿರುತ್ತದೆ. ನಮ್ಮ ಯಜಮಾನರು ಹೈಸ್ಕೂಲು ಮಾಸ್ತರು, ಮಾತಿಗೆ ಕಡಿಮೆ ಇಲ್ಲ. "ಭಜಿಯರ ತಿನ್ನು, ಇಲ್ಲಾಂದ್ರ ಬಸ್ಸರ ಹತ್ತು. ಎರಡೂ ಬಿಟ್ಟು ನಿಂತು ಎಣಿಸೂದು ಯಾವ ಶಾಣ್ಯಾತನ?" ಎಂದು ದಿನವೂ ಚುಡಾಯಿಸುತ್ತಾರೆ.

ಶಹಾಪುರದ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುವುದು ನನ್ನ ಕೆಲಸ. ಆದರೆ ಓದುವ ಕಾಲದಲ್ಲಿ ನಾನು ಮನಸ್ಸಿಟ್ಟು ಕಲಿತ ವಿದ್ಯೆ ಒಂದೇ. ಒಂದು ತಂತ್ರಾಂಶ ಇನ್ನೂ ಚೌಕ, ಬಾಣಗಳ ನಕ್ಷೆಯಾಗಿ ಕಾಗದದ ಮೇಲಿರುವಾಗಲೇ, ನಾಳೆ ಅದು ಜನರ ಭಾರ ತಡೆದೀತೇ, ಎಲ್ಲಿ ಏದುಸಿರು ಬಿಟ್ಟೀತು ಎಂದು ಮುಂಚಿತವಾಗಿ ಹೇಳುವುದು. ಮನೆಯ ನಕ್ಷೆ ನೋಡಿಯೇ ಮಳೆಗಾಲದಲ್ಲಿ ಯಾವ ಮೂಲೆ ಸೋರುತ್ತದೆ ಎಂದು ಹೇಳಿದ ಹಾಗೆ. ಯಜಮಾನರು ಇದಕ್ಕೆ ಜ್ಯೋತಿಷ್ಯ ಎನ್ನುತ್ತಾರೆ. ಜ್ಯೋತಿಷಿಗೆ ದಕ್ಷಿಣೆಯಾದರೂ ಸಿಗುತ್ತದೆ, ನನಗೆ ಅದೂ ಇಲ್ಲ ಎಂದು ನಾನು ಬಾಯಿ ಮುಚ್ಚಿಸುತ್ತೇನೆ.

ಈ ವಿದ್ಯೆಗೆ ನಮ್ಮ ಕಡೆ ಗಿರಾಕಿ ಇರಲಿಲ್ಲ. ಮೊದಲ ಗಿರಾಕಿಯಾಗಿ ಬಂದವಳು ನನ್ನದೇ ಹಳೆಯ ವಿದ್ಯಾರ್ಥಿನಿ. ನನ್ನ ತವರು ದೋರನಹಳ್ಳಿ, ಅವಳೂ ಅದೇ ಊರಿನವಳು, ನಮ್ಮ ಹಿಂದಿನ ಓಣಿಯವಳು. ಹಾಗಾಗಿ ತರಗತಿಯಲ್ಲಿ ನಾನು ಮೇಡಂ, ಹೊರಗೆ ಬಂದರೆ ಅಕ್ಕ. ಓದು ಮುಗಿಸಿದ ಮೇಲೆ ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಟ್ಟೆ ಅಂಗಡಿಯ ಮೇಲೆ ಕೋಣೆ ಹಿಡಿದು, ಎರಡು ಕಂಪ್ಯೂಟರ್ ಇಟ್ಟು, ಅಂಗಡಿ ಮುಂಗಟ್ಟುಗಳಿಗೆ ಬಿಲ್ಲಿನ ತಂತ್ರಾಂಶ ಬರೆದುಕೊಡುತ್ತಿದ್ದಳು. ಹುಡುಗಿ ಚುರುಕು, ಹಟ ಮಾತ್ರ ಕೋಣನ ಹಟ. ಅದಕ್ಕೇ ನನಗೆ ಅವಳು ಇಷ್ಟ.

ಅವಳ ಅಪ್ಪನನ್ನು ನಾನು ಚಿಕ್ಕಂದಿನಿಂದಲೂ ಕಾಕಾ ಎನ್ನುತ್ತೇನೆ. ಹೊಲದಲ್ಲಿ ಹತ್ತಿ, ತೊಗರಿ ಬೆಳೆಯುವ ಕಾಕಾನಿಗೆ ಕಣ್ಣಿಗೆ ಕಾಣದ ಯಾವ ಬೆಳೆಯ ಮೇಲೂ ನಂಬಿಕೆ ಇಲ್ಲ. ಮಗಳ ಆಫೀಸಿಗೆ ಅವನು ಇಟ್ಟ ಹೆಸರು 'ಆ ಮ್ಯಾಲಿನ ಖೋಲಿ'. ವಾರಕ್ಕೊಮ್ಮೆ ಶಹಾಪುರಕ್ಕೆ ಬಂದರೂ ಆ ಮೆಟ್ಟಿಲು ಹತ್ತಿದವನಲ್ಲ. ಕೆಳಗಿನ ಚಹಾದಂಗಡಿಯ ಮುಂದೆ ಬರಿಗಾಲಲ್ಲಿ ನಿಂತು ಫೋನು ಮಾಡುತ್ತಿದ್ದ. "ಕೆಳಗ ಬಾರವಾ, ರೊಟ್ಟಿ ಕೊಟ್ಟಾಳ ನಿಮ್ಮವ್ವ." ಮೇಲೆ ಬಾ ಎಂದರೆ, "ಎಲ್ಲೀದವಾ ಫುರ್ಸತ್ತು? ಸಂಘದ ಪಾಳಿಯಾಗ ಚಪ್ಪಲಿ ಇಟ್ಟು ಬಂದೀನಿ" ಎನ್ನುವುದು ಮಾಮೂಲು. ನಮ್ಮ ಕಡೆ ಪಾಳಿಯಲ್ಲಿ ಜನ ನಿಲ್ಲುವುದಿಲ್ಲ, ಚಪ್ಪಲಿ ನಿಲ್ಲುತ್ತವೆ, ಜನ ನೆರಳಲ್ಲಿ ಕೂಡುತ್ತಾರೆ. ಆದರೂ ಚಪ್ಪಲಿಯಿಂದ ಬಹಳ ದೂರ ಹೋಗಲು ಯಾರಿಗೂ ಧೈರ್ಯ ಬರುವುದಿಲ್ಲ.

ಆ ರೈತರ ಸಂಘವೇ ಮುಂಗಾರಿಗೆ ಮುಂಚೆ ಬೀಜ ಹಂಚಲು ಹೊಸ ತಂತ್ರಾಂಶ ಬೇಕೆಂದು ಅವಳಿಗೆ ಕೆಲಸ ಕೊಟ್ಟಿತು. ರೈತ ಬಂದು ಆಧಾರ್ ನಂಬರ್ ಹೇಳಬೇಕು, ಅವನ ಮೊಬೈಲಿಗೆ ಒಟಿಪಿ ಹೋಗಬೇಕು, ಅದನ್ನು ಹೇಳಿದ ಮೇಲೆ ಹೊಲದ ದಾಖಲೆ ತೆರೆಯಬೇಕು, ಎಷ್ಟು ಬೀಜ ಎಂದು ರಸೀದಿ ಬರಬೇಕು. ಅವಳಿಗೆ ಅದು ಮೊದಲ ದೊಡ್ಡ ಕೆಲಸ. ಕಾಕಾ ಮನೆಯಲ್ಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. "ಈ ಕೆಲಸ ಕೆಟ್ಟು ಊರ ಮುಂದ ನಗಿಗೇಡಾದ್ರ ಆ ಖೋಲಿಗಿ ಕೀಲಿ ಹಾಕು. ಮನಿಗಿ ಬಂದು ಬ್ಯಾಂಕಿನ ಪರೀಕ್ಷಾ ಬರಿ." ಹುಡುಗಿ ಒಪ್ಪಿಕೊಂಡಿದ್ದಳು. ಒಪ್ಪಿಕೊಂಡು ನನ್ನ ಹತ್ತಿರ ಬಂದಿದ್ದಳು, ಕೈಯಲ್ಲಿ ನಕ್ಷೆ ಹಿಡಿದು.

"ಅಕ್ಕಾ, ಬರಿಯೂಕಿಂತ ಮುಂಚೆ ಹೇಳ್ರಿ. ಇದು ತಡೀತದೋ ಇಲ್ಲೋ?"

ನನಗೆ ಆದ ಸಂತೋಷ ಹೇಳತೀರದು. ಒಲೆ ಮೇಲೆ ಹಾಲಿಟ್ಟದ್ದು ಮರೆತು ಅವಳ ಚೌಕ, ಬಾಣಗಳ ಮುಂದೆ ಕುಳಿತುಬಿಟ್ಟೆ.

ಇದರಲ್ಲಿ ಗುಟ್ಟೇನೂ ಇಲ್ಲ. ನಮ್ಮ ಅವ್ವನ ಓರಗೆಯವರು ಮಧ್ಯಾಹ್ನ ಕವಡಿ ಆಡುತ್ತಿದ್ದರು. ಮುಂದಿನ ಸಲ ಎಷ್ಟು ಬೀಳುತ್ತದೆ ಎಂದು ಯಾರೂ ಹೇಳಲಾರರು. ಆದರೆ ಸಂಜೆಯವರೆಗೆ ಆಡಿದರೆ ಯಾವುದು ಅಪರೂಪಕ್ಕೆ ಬೀಳುತ್ತದೆ, ಯಾವುದು ಮೇಲಿಂದ ಮೇಲೆ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ನಾನು ಮಾಡುವುದೂ ಅಷ್ಟೇ. ನಕ್ಷೆಯ ಒಂದೊಂದು ಚೌಕದಲ್ಲೂ ಒಬ್ಬ ರೈತನಿಗೆ ಎಷ್ಟು ಹೊತ್ತು ಹಿಡಿಯಬಹುದು, ಎಷ್ಟು ಹೆಚ್ಚುಕಡಿಮೆ ಆಗಬಹುದು, ಎಷ್ಟು ಜನ ಈ ಬಾಣ ಹಿಡಿದು ಮುಂದೆ ಹೋಗುತ್ತಾರೆ, ಎಷ್ಟು ಜನ ಹಿಂದಕ್ಕೆ ಬರುತ್ತಾರೆ ಎಂದು ಬರೆದುಕೊಡುತ್ತೇನೆ. ಕಂಪ್ಯೂಟರು ನನ್ನ ಬದಲಿಗೆ ಕವಡಿ ಚೆಲ್ಲುತ್ತದೆ. ಇನ್ನೂ ಹುಟ್ಟದ ತಂತ್ರಾಂಶದ ಮುಂದೆ, ಇನ್ನೂ ಬಾರದ ರೈತರು ಬಂದು ನಿಂತು, ದಿನ ಬೆಳಗಾಗಿ ಸಂಜೆಯಾಗುತ್ತದೆ. ಅಂಥ ಸಾವಿರಾರು ದಿನಗಳನ್ನು ಓಡಿಸಿ ನೋಡಿದರೆ ಪಾಳಿ ಎಲ್ಲಿ ಬೆಳೆಯುತ್ತದೆ ಎಂದು ತಿಳಿಯುತ್ತದೆ. ಊರಿಗೆ ಹೋದಾಗ ಕಾಕಾನಿಗೂ ಇದನ್ನು ಹೇಳಿದೆ. "ಕೂಸು ಹುಟ್ಟೂಕಿಂತ ಮುಂಚೆ ಕುಲಾಯಿ ಹೊಲಿಸಿದಂಗಾತು" ಎಂದು ನಕ್ಕ.

ಕುಲಾಯಿ ಹೊಲಿಯಲು ಅಳತೆ ಬೇಕಲ್ಲ. ನನಗೆ ಪಾಠ ಕಡಿಮೆ ಇದ್ದದ್ದು ಬುಧವಾರ, ಗುರುವಾರ. ಆ ದಿನಗಳಲ್ಲಿ ಸಂಘಕ್ಕೆ ಹೋಗಿ, ಗೊಬ್ಬರಕ್ಕೆಂದು ಬಂದವರಿಗೆ ಒಟಿಪಿ ಬರಲು, ಹೇಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊಬೈಲಿನಲ್ಲೇ ಅಳೆದೆ. ಬಂದವರು ಬಿಡಿಬಿಡಿಯಾಗಿ ಬರುತ್ತಿದ್ದರು, ಹೆಚ್ಚಿನವರು ಜೇಬಿನಲ್ಲಿ ಸ್ವಂತ ಮೊಬೈಲಿದ್ದ ಪೇಟೆ ಕಡೆಯ ಹುಡುಗರು. ಟಣ್ ಎಂದರೆ ನಂಬರು ಹೇಳಿ ಮುಗಿಸುತ್ತಿದ್ದರು. ಕವಡಿ ಚೆಲ್ಲಿಸಿದೆ. ನಕ್ಷೆ ಬಂಗಾರದಂಥ ಉತ್ತರ ಕೊಟ್ಟಿತು. "ಏನೂ ಆಗಂಗಿಲ್ಲ, ಬರಿ" ಎಂದೆ ಅವಳಿಗೆ. ಹೇಳುವಾಗ ನನ್ನ ಗತ್ತು ನೋಡಬೇಕಿತ್ತು.

ಅವಳು ಬರೆದಳು. ಬೀಜ ಹಂಚಿಕೆ ಶುರು ಮಾಡಲು ಸಂಘದ ಅಧ್ಯಕ್ಷರು ಸೋಮವಾರ ಗೊತ್ತು ಮಾಡಿದರು. ಶಿವನ ವಾರ, ಒಳ್ಳೆಯದೇ ಎಂದು ನಾನೂ ತಲೆಯಾಡಿಸಿದೆ.

ಅದಕ್ಕೆ ಒಂದು ವಾರ ಮುಂಚೆ ತವರಿನಲ್ಲಿ ತೊಟ್ಟಿಲ ಕಾರ್ಯವಿತ್ತು. ಉಳಿದುಕೊಂಡು ಮರುದಿನ ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಟಾಗ, ಕಾಕಾ ಮನೆಯ ಕಟ್ಟೆಯ ಮೇಲೆ ಆರಾಮಾಗಿ ಕುಳಿತಿದ್ದ. ಅಂಗಳದಲ್ಲಿ ಟ್ರ್ಯಾಕ್ಟರು ಮೈ ತೊಳೆಸಿಕೊಂಡು, ಬಾನೆಟ್ಟಿನ ಮೇಲೆ ಮೂರೆಳೆ ವಿಭೂತಿ ಧರಿಸಿ ನಿಂತಿತ್ತು.

"ಹೊಲಕ್ಕ ಹೋಗಿಲ್ಲೇನು ಕಾಕಾ?"

"ಇವತ್ತು ಸೋಮಾರ ಅಲ್ಲೇನವಾ?"

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಎತ್ತು ಎಂದರೆ ಬಸವಣ್ಣ, ಅವನ ವಾರದ ದಿನ ಅವನ ಹೆಗಲ ಮೇಲೆ ನೊಗ ಇಡಬಾರದು. ಇದು ನನಗೆ ಹಾಲು ಕುಡಿಯುವಾಗಿನಿಂದ ಗೊತ್ತು. ಆದರೆ ಕಾಕಾ ಎತ್ತು ಮಾರಿ ಎಷ್ಟೋ ಕಾಲವಾಗಿತ್ತು. "ಟ್ರ್ಯಾಕ್ಟರಿಗೂ ಸೋಮಾರ ಸೂಟಿ ಏನು?" ಎಂದು ಕೇಳಿದೆ.

"ನೊಗ ಇಲ್ಲ, ಖರೇ. ದುಡಿಯೂದು ದುಡೀತದಲ್ಲ. ಅದಕ್ಕೂ ಒಂದು ದಿನ ಬ್ಯಾಡೇನು?"

ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಂದು ಮೊಬೈಲಿಗೆ ಬಂದ ನಂಬರು ಕೇಳಿದ. ಕಾಕಾನ ಮೊಬೈಲಿಗೆ ನಂಬರು ಬರುವುದಿಲ್ಲ. ಯಾವುದೋ ಕಾಲದಲ್ಲಿ ಕಾಗದಪತ್ರ ಮಾಡಿಸುವಾಗ ದೊಡ್ಡ ಮಗಳ ಗಂಡ ಮನೆಗೆ ಬಂದಿದ್ದನಂತೆ, ಅವನ ನಂಬರೇ ಕೊಟ್ಟು ಕಾಕಾ ಕೈ ತೊಳೆದುಕೊಂಡಿದ್ದ. ಗ್ಯಾಸು, ಬ್ಯಾಂಕು, ಹೊಲ, ಎಲ್ಲದರ ಒಟಿಪಿಯೂ ಗುರುಮಠಕಲ್ಲಿನಲ್ಲಿ ಅಂಗಡಿ ಇಟ್ಟಿರುವ ಅಳಿಯನಿಗೆ ಹೋಗುತ್ತದೆ. ಕಾಕಾ ಫೋನು ಹಚ್ಚಿದ.

"ಅಳಿಯಾರ, ಶರಣ್ರಿ. ಆರಾಮದೀರಿ? ಮಳಿ ಹ್ಯಾಂಗದರಿ ನಿಮ್ ಕಡಿ? ತಾಯಾರ ಮಣಕಾಲು ನೋವು ಕಡಿಮ್ಯಾತೇನ್ರಿ? ಮೊಮ್ಮಗ ಸಾಲಿಗಿ ಹೊಂಟಾನೇನ್ರಿ?"

ಸಿಲಿಂಡರಿನವನು ಕಾಲು ಬದಲಿಸಿ ನಿಂತ. ಆ ಕಡೆ ಅಳಿಯ "ಜರಾ ತಡೀರಿ ಮಾವ, ಗಿರಾಕಿ ಬಂದಾರ" ಎಂದು ಯಾರೊಡನೆಯೋ ತೆಲುಗಿನಲ್ಲಿ ಮಾತಾಡತೊಡಗಿದ. ಕೊನೆಗೆ ನಂಬರಿನ ಮಾತು ಬಂದು, ಕಾಕಾ ಅದನ್ನು ಹೇಳುವಷ್ಟರಲ್ಲಿ ನಂಬರಿನ ವೇಳೆ ಮುಗಿದಿತ್ತು. ಸಿಲಿಂಡರಿನವನು ಮತ್ತೊಂದು ಕಳಿಸಿದ. ಕಾಕಾ ಮತ್ತೆ ಫೋನು ಹಚ್ಚಿ, "ಅಳಿಯಾರ, ಶರಣ್ರಿ. ನಾಷ್ಟಾ ಆತೇನ್ರಿ?" ಎಂದು ಮೊದಲಿನಿಂದ ಶುರು ಮಾಡಿದ.

ನನಗೆ ನಗು ತಡೆಯಲಿಲ್ಲ. "ಕಾಕಾ, ಮೊದಲು ನಂಬರ್ ಕೇಳಬಾರ್ದೇನು?"

ಕಾಕಾ ಫೋನಿಗೆ ಕೈ ಅಡ್ಡ ಹಿಡಿದು ನನ್ನನ್ನು ದುರುಗುಟ್ಟಿ ನೋಡಿದ. "ಅಳಿಯಾಗ ಫೋನ್ ಹಚ್ಚಿ ಎಕ್‌ದಂ ನಂಬರ್ ಹೇಳು ಅನ್ನಾಕ ಅಂವೇನು ನನ್ನ ಕಾರಕೂನನೇನು? ನಾಳಿ ನನ್ನ ಮಗಳು ಅತ್ತಿ ಮನ್ಯಾಗ ಮಾತು ಕೇಳಬೇಕಾಗ್ತದ."

ಸಿಲಿಂಡರು ಒಳಗೆ ಹೋಯಿತು. ಕಾಕಾ ಟೊಪ್ಪಿಗೆ ಹಾಕಿಕೊಂಡು ನನ್ನ ಜೊತೆಗೇ ಎದ್ದ. ಎಲ್ಲಿಗೆ ಎಂದೆ. "ಶಹಾಪುರಕ್ಕ. ಸೋಮಾರ ಬಿಟ್ರ ಮತ್ತ್ಯಾವಾಗ ಪ್ಯಾಟಿ ಕೆಲಸ ಆಗತಾವ? ಇಡೀ ಊರ ಹೊಂಟದ ನೋಡು."

ಹೌದು, ಓಣಿಯ ತುದಿಯಲ್ಲಿ ಟಂಟಂ ಆಟೋ ಜನ ತುಂಬಿ ನಿಂತಿತ್ತು. ಎಲ್ಲರೂ ಕಾಕಾನ ವಯಸ್ಸಿನವರು, ಎಲ್ಲರೂ ಟೊಪ್ಪಿಗೆಯವರು. ನಾನು ಟೊಪ್ಪಿಗೆ ಎಣಿಸತೊಡಗಿದೆ, ಎಣಿಕೆ ಅರ್ಧಕ್ಕೇ ನಿಂತಿತು. ನಾನು ಅಳೆದದ್ದು ಬುಧವಾರದ ಹುಡುಗರನ್ನು. ಬೀಜಕ್ಕೆ ಬರುವವರು ಸೋಮವಾರದ ಮಾವಂದಿರು. ಒಬ್ಬೊಬ್ಬರಾಗಿ ಅಲ್ಲ, ಊರಿಗೆ ಊರೇ ಒಂದೇ ಗಾಡಿಯಲ್ಲಿ ಬಂದಿಳಿಯುತ್ತಾರೆ. ಮತ್ತು ಅವರ ಒಟಿಪಿ ಅಳಿಯನ ಹತ್ತಿರ, ತಮ್ಮನ ಹತ್ತಿರ, ಹೈದರಾಬಾದಿನಲ್ಲಿ ದುಡಿಯುವ ಮಗನ ಹತ್ತಿರ ಇರುತ್ತದೆ. ಕ್ಷೇಮಸಮಾಚಾರ ಕೇಳದೆ ಒಬ್ಬನೂ ನಂಬರು ಕೇಳುವುದಿಲ್ಲ.

ಕಾಲೇಜು ಮುಗಿಸಿ ನೇರ ಅವಳ ಆಫೀಸಿಗೆ ಓಡಿದೆ. ಹೊಸ ಅಳತೆ ಹಾಕಿ ಕವಡಿ ಚೆಲ್ಲಿಸಿದೆವು. ಒಟಿಪಿಯ ಚೌಕದಿಂದ ಮತ್ತೆ ಅದೇ ಚೌಕಕ್ಕೆ ತಿರುಗಿ ಬರುವ ಒಂದು ಬಾಣ ಹಾಕಿದೆ, ಎರಡನೇ ಸಲದ 'ಅಳಿಯಾರ, ಶರಣ್ರಿ'ಗೆ. ಪರದೆಯ ಮೇಲೆ ಪಾಳಿಯ ಗೆರೆ ಬೆಳಿಗ್ಗೆ ಮೇಲಕ್ಕೆ ಹತ್ತಿದ್ದು ಸಂಜೆಯಾದರೂ ಇಳಿಯಲಿಲ್ಲ. ಬೇರೆ ದಿನ ಎಂದು ಇನ್ನೊಮ್ಮೆ ಓಡಿಸಿದರೂ ಅದೇ, ಮತ್ತೊಮ್ಮೆ ಓಡಿಸಿದರೂ ಅದೇ. ಹೊಲದ ದಾಖಲೆಯಿದ್ದ ದೂರದ ಕಂಪ್ಯೂಟರಿಗೆ ಒಮ್ಮೆಗೆ ಹೋಗಬಹುದಾದ ದಾರಿಗಳು ಕೆಲವೇ. ಅವಳ ನಕ್ಷೆಯಲ್ಲಿ ರೈತ ಆಧಾರ್ ನಂಬರ್ ಹೇಳಿದ ಕೂಡಲೇ ಒಂದು ದಾರಿ ಅವನದಾಗುತ್ತಿತ್ತು, ರಸೀದಿ ಬರುವವರೆಗೂ ಅವನು ಅದನ್ನು ಬಿಡುತ್ತಿರಲಿಲ್ಲ. ಅಷ್ಟು ಮಾವಂದಿರು ಅಷ್ಟು ಅಳಿಯಂದಿರ ಜೊತೆ ಮಳೆ ಬೆಳೆ ಮಾತಾಡುವ ತನಕ ಉಳಿದವರೆಲ್ಲ ಹೊರಗೆ.

ಹುಡುಗಿಯ ಮುಖ ಬಾಡಿತು. ಆಮೇಲೆ ಸಿಟ್ಟು ಬಂತು.

"ನೀವ ಹೇಳಿದ್ರಿ ಏನೂ ಆಗಂಗಿಲ್ಲ ಅಂತ. ಸೋಮಾರದ ಸಂಗತಿ ನಿಮಗ ಗೊತ್ತಿರಲಿಲ್ಲೇನಕ್ಕಾ? ನೀವೂ ನಮ್ಮೂರವರ ಅಲ್ಲೇನು?"

ನನ್ನ ಬಾಯಿಯೂ ಸುಮ್ಮನಿರುವ ಬಾಯಿ ಅಲ್ಲ. "ನೀ ಏನು ಲಂಡನ್ನಿನಾಗ ಹುಟ್ಟೀಯೇನು? ಅಂಗಳದಾಗ ಟ್ರ್ಯಾಕ್ಟರ್ ವಿಭೂತಿ ಬಡಕೊಂಡು ನಿಂತಿದ್ದು ನಿನಗ ಕಾಣಲಿಲ್ಲೇನು?"

ರೈತರ ಮನೆಯ ಮಕ್ಕಳು ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕುಳಿತ ಕೂಡಲೇ ಸೋಮವಾರವನ್ನು ಮರೆತಿದ್ದೆವು. ಮೊದಲು ಅವಳೇ ನಕ್ಕಳು, ಆಮೇಲೆ ನಾನು. ನಗುತ್ತಾ ನಗುತ್ತಾ ಅವಳ ಕಣ್ಣು ತುಂಬಿದ್ದೂ ಕಂಡಿತು. ನನಗೆ ಖರೇನೇ ಹೆದರಿಕೆಯಾಯಿತು. ಕೀಲಿ ಬೀಳುವುದು ನನ್ನ ಮನೆಗಲ್ಲ, ಅವಳ ಬಾಗಿಲಿಗೆ.

ಅಧ್ಯಕ್ಷರಿಗೆ ಹೇಳಿದರೆ ಅವರು ಕೈ ಬೀಸಿ, "ಇನ್ನೆರಡು ಟೇಬಲ್ ಹಾಕಸ್ತೀನಿ ತಗೊಳ್ರಿ" ಎಂದರು. ಟೇಬಲ್ ಎಷ್ಟು ಹಾಕಿಸಿದರೂ ಒಳಗಿನ ದಾರಿ ಅಷ್ಟೇ ಎಂದು ತಿಳಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಮಂಗಳವಾರಕ್ಕೆ ಮುಂದೂಡಿ ಎಂದೆ. "ಮಂಗಳಾರ ಹೊಲ ಬಿಟ್ಟು ಯಾರು ಬರ್ತಾರ್ರಿ?" ಎಂದರು. ಅದೂ ನಿಜವೇ.

ಸೋಮವಾರವನ್ನು ಬದಲಿಸಲಾಗದು, ಅಳಿಯನನ್ನೂ ಬದಲಿಸಲಾಗದು. ಉಳಿದದ್ದು ನಕ್ಷೆ. ಒಟಿಪಿಯ ಚೌಕವನ್ನು ಕಿತ್ತು ಎಲ್ಲಕ್ಕಿಂತ ಮುಂದಕ್ಕೆ, ಅಂಗಳದ ಬೇವಿನ ಮರದ ಕೆಳಕ್ಕೆ ಒಯ್ದೆವು. ಅಲ್ಲಿ ಯಾವ ದಾರಿಯನ್ನೂ ಹಿಡಿಯದೆ ನಂಬರು ಮಾತ್ರ ಹೋಗಲಿ. ಮಾವ ನೆರಳಲ್ಲಿ ಕುಳಿತು ಅಳಿಯನ ಜೊತೆ ತೃಪ್ತಿಯಾಗುವಷ್ಟು ಮಾತಾಡಲಿ. ವೇಳೆ ಮುಗಿದರೆ ಇನ್ನೊಂದು ಹೋಗಲಿ, ಯಾರ ಗಂಟೂ ಹೋಗುವುದಿಲ್ಲ. ಒಮ್ಮೆ ಸರಿಯಾದ ನಂಬರು ಬಂತೆಂದರೆ ಆ ಒಪ್ಪಿಗೆ ದಿನವಿಡೀ ನಿಲ್ಲಲಿ, ಆಮೇಲಷ್ಟೇ ಅವನನ್ನು ಒಳಗೆ ಕರೆದು ದಾರಿ ಕೊಡಲಿ. ಹೊಸ ನಕ್ಷೆಯ ಮೇಲೆ ಕವಡಿ ಚೆಲ್ಲಿಸಿದರೆ ಗೆರೆ ಬೆಳಿಗ್ಗೆ ಏರಿ, ಊಟದ ಹೊತ್ತಿಗೆಲ್ಲ ಇಳಿಯಿತು.

"ಈ ಸಲ ಖಾತ್ರಿ ಏನಕ್ಕಾ? ಅಪ್ಪಗ ಹೇಳಲೇನು?"

ಹೇಳು ಎನ್ನಲು ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. "ಖಾತ್ರಿ ಅಂತ ಯಾವ ಕವಡಿನೂ ಹೇಳಂಗಿಲ್ಲ. ಆಗೂ ಸಂಭವ ಭಾಳ ಅದ. ಅಷ್ಟ ನನ್ನ ವಿದ್ಯಾ." ಅವಳು ಅಪ್ಪನಿಗೆ ಏನನ್ನೂ ಹೇಳಲಿಲ್ಲ. ಆ ವಾರವೆಲ್ಲ ಕುಳಿತು ಮತ್ತೆ ಬರೆದಳು.

ಸೋಮವಾರ ನಾನು ರಜೆ ಹಾಕಿ ಸಂಘದ ಅಂಗಳಕ್ಕೆ ಹೋದೆ. ಅವಳು ತನ್ನ ಆಫೀಸಿನಲ್ಲಿ ಪರದೆಯ ಮುಂದೆ ಕುಳಿತಿದ್ದಳು, ಏನಾದರೂ ಕೆಟ್ಟರೆ ಅಲ್ಲಿಂದಲೇ ಸರಿಮಾಡಬೇಕು. ಟಂಟಂಗಳು ಬಂದವು. ಟೊಪ್ಪಿಗೆಗಳು ಇಳಿದವು. ಚಪ್ಪಲಿಗಳು ಗೇಟಿನ ತನಕ ಪಾಳಿ ಹಚ್ಚಿದವು, ನಡುವೆ ಕಾಕಾನ ಕರೀ ಚಪ್ಪಲಿಯೂ ಇತ್ತು. ಬೇವಿನ ಕೆಳಗೆ ನಂಬರು ಹೋಗಲು ಶುರುವಾಗಿದ್ದೇ ತಡ, ಮರದ ತುಂಬ ಗಿಳಿ ಕೂತ ಹಾಗೆ ಗದ್ದಲ. ಆರಾಮದೀರಿ, ಮಳಿ ಹ್ಯಾಂಗದ, ಎಮ್ಮಿ ಈಯ್ತೇನು. ಒಂದು ಸಲ ಒಳಗಿನ ಪರದೆ ಗಕ್ಕನೆ ನಿಂತಾಗ ನಾನು ಎದ್ದು ಒಳಗೆ ಓಡಿದೆ. ಅದು ಬರೀ ಕರೆಂಟಿನ ಆಟ, ತಿರುಗಿ ಬಂತು. ಆಮೇಲೆ ನಿಲ್ಲಲಿಲ್ಲ. ಹೆಸರು ಕರೆಯುವುದು, ರಸೀದಿ ಬರುವುದು, ಚೀಲ ಹೊರಬೀಳುವುದು. ಚಪ್ಪಲಿಗಳು ಒಂದೊಂದಾಗಿ ಕಾಲಿಗೇರಿ ಹೋದವು.

ಮಧ್ಯಾಹ್ನದ ಬಿಸಿಲು ಏರುವ ಮೊದಲೇ ಅಂಗಳ ಬರಿದಾಗಿತ್ತು. ಒಬ್ಬ ಅಜ್ಜ ಅಧ್ಯಕ್ಷರ ಹತ್ತಿರ ದೂರು ಒಯ್ದ. "ಇಷ್ಟು ಲಗೂ ಮುಗಿಸಿಬಿಟ್ರ ಸಂಜಿತನಕ ನಾವೇನು ಮಾಡೂದ್ರಿ? ಟಂಟಂ ಬರೂದ ಸಂಜಿಕ." ಅಧ್ಯಕ್ಷರು ಅವನನ್ನು ನನ್ನ ಕಡೆ ಕಳಿಸಿದರು. ನನ್ನ ನಕ್ಷೆಯಲ್ಲಿ ಆ ಚೌಕ ಇರಲಿಲ್ಲ.

ಓಡೋಡಿ ಅವಳ ಆಫೀಸಿನ ಮೆಟ್ಟಿಲು ಹತ್ತಿದೆ. ಪರದೆಯ ಮೇಲೆ ನಮ್ಮ ಕವಡಿಯ ಗೆರೆ, ಅದರ ಪಕ್ಕದಲ್ಲಿ ಅವತ್ತಿನ ನಿಜದ ಗೆರೆ, ಅಕ್ಕತಂಗಿಯರ ಹಾಗೆ ಜೊತೆಯಲ್ಲೇ ಏರಿ ಜೊತೆಯಲ್ಲೇ ಇಳಿದಿದ್ದವು. ಹುಡುಗಿ ಮುಷ್ಟಿ ಬಿಗಿಹಿಡಿದು ಕೂತೇ ಇದ್ದಳು. "ಮುಗೀತು, ಮುಷ್ಟಿ ಬಿಚ್ಚು" ಎಂದೆ.

ಆಗ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳವಾಯಿತು. ಕಾಕಾ ಬೀಜದ ಚೀಲವನ್ನು ಹೆಗಲಿಂದ ಇಳಿಸಿ, ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದ. ಸುತ್ತ ಒಮ್ಮೆ ನೋಡಿದ. ಫ್ಯಾನು ನೋಡಿದ, ಎರಡು ಕಂಪ್ಯೂಟರ್ ನೋಡಿದ, ಮಗಳನ್ನು ನೋಡಿದ.

"ಹೊತ್ತು ಉಳೀತವಾ" ಎಂದ. "ಅದಕ್ಕ ಬಂದೆ."

ಅವಳು ಎದ್ದು ತನ್ನ ಕುರ್ಚಿಯನ್ನೇ ಅವನಿಗೆ ಸರಿಸಿದಳು. ಕಾಕಾ ಅದರಲ್ಲಿ ಕುಳಿತು ನೀರು ಕುಡಿದ. ಅಷ್ಟರಲ್ಲಿ ಅವನ ಫೋನು ಗುಣುಗುಟ್ಟಿತು. ಬೀಜ ಸಿಕ್ಕಿತೇ ಎಂದು ಕೇಳಲು ಗುರುಮಠಕಲ್ಲಿನಿಂದ ಅಳಿಯನದೇ ಫೋನು.

"ಶರಣ್ರಿ ಅಳಿಯಾರ. ಸಿಕ್ತರಿ, ಎಲ್ಲಾ ಆತು" ಎಂದ ಕಾಕಾ. ಆಮೇಲೆ ಆ ಕಡೆಯಿಂದ ಎಲ್ಲಿದ್ದೀರಿ ಎಂದು ಕೇಳಿರಬೇಕು. ಕಾಕಾ ಮಗಳ ಕಡೆ ನೋಡದೆ, ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು ಹೇಳಿದ.

"ನಾನಾ? ಮಗಳ ಆಫೀಸಿನಾಗ ಕುಂತೇನ್ರಿ."